ಮಂಜು ಬಿದ್ದ ಸುದ್ದಿ

ಚಳಿಗಾಲದ ಸೋಮವಾರಗಳಂದು ನಮ್ಮ ಆಫೀಸಿನ ಪಾರ್ಕಿಂಗ್ ಲಾಟಿನಲ್ಲಿ ಯಾರ ಕಾರು ಎಲ್ಲಕ್ಕಿಂತ ಕೊಳಕಾಗಿರುತ್ತದೆಯೋ ಅವರೇ ಆ ವಾರದ ಮಹಾಪುರುಷರು ಎಂಬ ಸೂಕ್ಷ್ಮವನ್ನು ನಾನು ಕಂಡುಕೊಂಡದ್ದು ಅಮೆರಿಕಕ್ಕೆ ಬಂದ ಮೂರನೆಯ ವರ್ಷದಲ್ಲಿ. ಗಾಲಿಯಿಂದ ಗಾಜಿನವರೆಗೆ ಹರಡಿದ ಬೂದು ಬಣ್ಣದ ರಾಡಿ, ಬಾಗಿಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮರಳು, ತಲೆಯ ಮೇಲೆ ಬಿಚ್ಚದೆ ಬಿಟ್ಟ, ಹಿಮದಲ್ಲಿ ಜಾರುವ ಒಂದು ಜೊತೆ ಸ್ಕೀ ಹಲಗೆ, ಇಷ್ಟಿದ್ದರೆ ಆ ಕಾರು ಶನಿವಾರ ಭಾನುವಾರಗಳನ್ನು ಸಿಯೆರಾ ಪರ್ವತಗಳ ಹಿಮದಲ್ಲಿ ಕಳೆದು ಬಂದಿದೆ ಎಂದರ್ಥ. ಅದನ್ನು ಕೂಡಲೇ ತೊಳೆಯಬಾರದು. ತೊಳೆದರೆ ಹೋಗಿಬಂದದ್ದಕ್ಕೆ ಸಾಕ್ಷಿ ಉಳಿಯುವುದಿಲ್ಲ. ಕಾಫಿ ಯಂತ್ರದ ಬಳಿ ಯಾರಾದರೂ ‘ಎಲ್ಲಿಗೆ ಹೋಗಿದ್ದೆ?’ ಎಂದು ಕೇಳುವವರೆಗಾದರೂ ಅದು ಹಾಗೆಯೇ ಇರಬೇಕು. ನನ್ನ ಕಾರನ್ನೋ ಪ್ರತಿ ಭಾನುವಾರ ನಾನೇ ಬಕೆಟ್ಟು ಹಿಡಿದು ತಿಕ್ಕಿ ತೊಳೆಯುತ್ತಿದ್ದುದರಿಂದ ಅದು ಮದುವೆಗೆ ಹೊರಟ ಗಂಡಿನಂತೆ ಫಳಫಳ ಹೊಳೆಯುತ್ತ, ತನ್ನ ಯಜಮಾನ ವಾರಾಂತ್ಯದಲ್ಲಿ ಎಲ್ಲಿಗೂ ಹೋಗಲಿಲ್ಲವೆಂಬ ಸಂಗತಿಯನ್ನು ಊರಿಗೆಲ್ಲ ಸಾರುತ್ತಿತ್ತು.

ಆ ದಿನಗಳಲ್ಲಿ ನಮ್ಮ ಕಣಿವೆಯಲ್ಲಿ ಮತ್ಸರಕ್ಕೆ ಕಾರಣಗಳ ಕೊರತೆಯೇನೂ ಇರಲಿಲ್ಲ. ಊಟದ ವೇಳೆಯಲ್ಲಿ ಪಕ್ಕದಲ್ಲಿ ಕೂತು ಮೊಸರನ್ನ ಕಲಸಿದವನು ಸಂಜೆಯ ಹೊತ್ತಿಗೆ ತನ್ನದೇ ಕಂಪನಿ ತೆರೆದು, ಹೆಸರಿನ ಕೊನೆಗೆ ಒಂದು ಡಾಟ್ ಕಾಮ್ ಅಂಟಿಸಿಕೊಂಡು ಬಿಡುತ್ತಿದ್ದ. ನಾನು ಕೆಲಸ ಮಾಡುತ್ತಿದ್ದುದು ಇಂಟರ್ನೆಟ್ಟಿನ ಮೂಲಕ ಬಾಗಿಲ ಹಿಡಿಕೆಗಳನ್ನು ಮಾತ್ರ ಮಾರುವ ಒಂದು ಸಂಸ್ಥೆಯಲ್ಲಿ. ಜಗತ್ತಿನಲ್ಲಿ ಎಷ್ಟು ಬಾಗಿಲುಗಳಿವೆಯೆಂದು ಯೋಚಿಸಿದರೆ ಇದು ಮಹತ್ತರವಾದ ಉದ್ಯಮವೆಂದು ನಮಗೆಲ್ಲ ನಿಜವಾಗಿಯೂ ಅನ್ನಿಸಿತ್ತು. ಅದಿರಲಿ. ಯಾರ ಷೇರು ಏರಿದರೂ ಯಾರ ಮನೆ ದೊಡ್ಡದಾದರೂ ನನಗೇನೂ ಅನ್ನಿಸುತ್ತಿರಲಿಲ್ಲ ಎಂಬುದನ್ನು ನೀವು ನಂಬಬೇಕು. ನನ್ನ ಹೊಟ್ಟೆಕಿಚ್ಚು ನಿರ್ಮಲವಾದದ್ದು, ಏಕನಿಷ್ಠವಾದದ್ದು. ಅದಕ್ಕೆ ವಿಷಯ ಒಂದೇ, ಹಿಮ. ವ್ಯಕ್ತಿಯೂ ಒಬ್ಬನೇ, ನನ್ನ ಷಡ್ಡಕ ಮಂಜುನಾಥ.

ಷಡ್ಡಕನೆಂಬ ಸಂಬಂಧ ಬಹಳ ವಿಚಿತ್ರವಾದದ್ದು. ಅಣ್ಣತಮ್ಮಂದಿರನ್ನು ದೇವರು ಕೊಡುತ್ತಾನೆ, ಗೆಳೆಯರನ್ನು ನಾವೇ ಆರಿಸಿಕೊಳ್ಳುತ್ತೇವೆ; ಆದರೆ ಹೆಂಡತಿಯ ತಂಗಿಯ ಗಂಡನನ್ನು ಆರಿಸಿ ತಂದುಕೊಡುವವರು ನಮ್ಮ ಮಾವನವರು, ಅದೂ ನಮ್ಮನ್ನು ಕೆಲವು ವರ್ಷ ಚೆನ್ನಾಗಿ ನೋಡಿ ಅನುಭವಿಸಿದ ಮೇಲೆ. ಮೊದಲನೆಯ ಅಳಿಯನಲ್ಲಿ ಏನೇನು ಊನವಾಗಿದೆಯೋ ಅದೆಲ್ಲ ಎರಡನೆಯವನಲ್ಲಿ ತುಂಬಿ ತುಳುಕುವಂತೆ ಅವರು ಎಚ್ಚರ ವಹಿಸುತ್ತಾರೆ. ನನ್ನ ಹೆಂಡತಿ ಸುಮಿತ್ರಾ ಮತ್ತು ಅವಳ ತಂಗಿ ಶುಭಾ ಮೈಸೂರಿನವರು, ನಾನೂ ಅಲ್ಲಿಯವನೇ. ಮಂಜುನಾಥ ಮಂಗಳೂರಿನವನು. ಫಾಸ್ಟರ್ ಸಿಟಿಯಲ್ಲಿ ಔಷಧಿ ಸಂಶೋಧನೆಯ ಒಂದು ಪ್ರಯೋಗಾಲಯದಲ್ಲಿ ಅವನಿಗೆ ಕೆಲಸ, ಅಲ್ಲೇ ನೀರಿನ ದಂಡೆಯಲ್ಲಿ ಮನೆ. ಕ್ಯಾಂಪ್‌ಬೆಲ್ಲಿನ ನಮ್ಮ ಅಪಾರ್ಟ್‌ಮೆಂಟಿನಿಂದ ಮುಕ್ಕಾಲು ಗಂಟೆಯ ದಾರಿ. ಹುಟ್ಟಿದಂದಿನಿಂದ ಬೆವರುವುದನ್ನು ಬಿಟ್ಟು ಬೇರೆ ಋತುವನ್ನೇ ಕಾಣದ, ಇಪ್ಪತ್ತೈದು ವರ್ಷಗಳವರೆಗೆ ಸ್ವೆಟರನ್ನು ಅಂಗಡಿಯ ಗಾಜಿನೊಳಗೆ ಮಾತ್ರ ನೋಡಿದ್ದ ಈ ಕರಾವಳಿಯ ಜೀವಿ, ಇಲ್ಲಿಗೆ ಬಂದ ಎರಡೇ ವರ್ಷಕ್ಕೆ ಹಿಮಪುರುಷನಾಗಿಬಿಟ್ಟ. ಜಾರುವುದಷ್ಟೇ ಅಲ್ಲ. ಜಾರುವುದಾದರೆ ತಂತಿಗೆ ತೂಗುಬಿಟ್ಟ ಕುರ್ಚಿಯಲ್ಲಿ ಕೂತು ಮೇಲೇರಿ ಯಾರು ಬೇಕಾದರೂ ಜಾರಬಹುದು. ಇವನು ಸ್ಕೀಯ ಅಡಿಗೆ ಹಿಂದಕ್ಕೆ ಸರಿಯದಂತೆ ಹಿಡಿಯುವ ಒರಟಾದ ಪಟ್ಟಿಗಳನ್ನು ಅಂಟಿಸಿಕೊಂಡು, ಬೆನ್ನಿಗೆ ಡೇರೆ ಕಟ್ಟಿಕೊಂಡು, ನಿರ್ಜನವಾದ ಬೆಟ್ಟಗಳನ್ನು ಸ್ವಂತ ಕಾಲಿನಿಂದ ಹತ್ತಿ, ತುದಿಯಲ್ಲಿ ಆ ಪಟ್ಟಿಗಳನ್ನು ಕಿತ್ತು ಮಡಚಿ ಜೇಬಿಗೆ ತುರುಕಿ, ಇಳಿದು ಬರುತ್ತಿದ್ದ. ಹಿಮದಲ್ಲೇ ಗುಂಡಿ ತೋಡಿ ಮಲಗುತ್ತಿದ್ದ. ಹಿಮವನ್ನೇ ಕರಗಿಸಿ ಸಾರು ಮಾಡುತ್ತಿದ್ದ. ಮೇಲಾಗಿ, ಅವನ ಹೆಸರೇ ಮಂಜು.

ಆ ಚಳಿಗಾಲ ನಮ್ಮ ಅತ್ತೆಯವರು ಆರು ತಿಂಗಳಿಗೆಂದು ಬಂದಿದ್ದರು. ನನ್ನ ಮತ್ಸರಕ್ಕೆ ವ್ಯಾಕರಣಬದ್ಧವಾದ ರೂಪ ಬಂದದ್ದು ಅವರಿಂದ. ನನ್ನನ್ನು ಅವರು ಮದುವೆಯ ದಿನದಿಂದಲೂ ‘ಅಳಿಯಂದಿರೇ’ ಎಂದು ಬಹುವಚನದಲ್ಲಿ ಕರೆಯುತ್ತಾರೆ. ನಾನು ಕೋಣೆಯೊಳಗೆ ಬಂದರೆ ಸೆರಗು ಸರಿಪಡಿಸಿಕೊಂಡು ಎದ್ದು ನಿಲ್ಲುತ್ತಾರೆ. ಅವನನ್ನೂ ಬಹುವಚನದಲ್ಲೇ ಮಾತಾಡಿಸುತ್ತಾರೆ, ಆದರೆ ಹೆಸರು ಹಿಡಿದು: ‘ಮಂಜು, ಇನ್ನೊಂದು ದೋಸೆ ಹಾಕಲಾ?’ ಎಂದು. ಅಳಿಯಂದಿರು ಎನ್ನುವುದು ಒಂದು ಹುದ್ದೆ. ಮಂಜು ಎನ್ನುವುದು ಮನುಷ್ಯ. ನನಗೆ ಗೌರವ ಸಿಗುತ್ತಿತ್ತು, ಅವನಿಗೆ ದೋಸೆ ಸಿಗುತ್ತಿತ್ತು.

ತಿಂಗಳಿಗೊಂದು ಭಾನುವಾರ ಅವನು ಸ್ಲೈಡ್ ಪ್ರೊಜೆಕ್ಟರನ್ನು ಹೊತ್ತುಕೊಂಡು ನಮ್ಮ ಮನೆಗೆ ಬರುತ್ತಿದ್ದ. ಊಟವಾದ ಮೇಲೆ ಕಿಟಕಿಯ ಪರದೆಗಳನ್ನೆಲ್ಲ ಎಳೆದು, ಗೋಡೆ ಅಷ್ಟು ಬೆಳ್ಳಗಿಲ್ಲವೆಂಬ ಕಾರಣಕ್ಕೆ ನನ್ನ ಪಂಚೆಯೊಂದನ್ನು ತೂಗುಹಾಕಿ, ಅದರ ಮೇಲೆ ತನ್ನ ಸಾಹಸಗಳನ್ನು ಬೆಳಗಿಸುತ್ತಿದ್ದ. ನೀಲಿ ಆಕಾಶ, ಬಿಳಿ ಶಿಖರ, ಶಿಖರದ ಮೇಲೆ ಕೆಂಪು ಕೋಟಿನ ಮಂಜು. ನನ್ನ ಪಂಚೆಯ ಜರಿಯಂಚು ಪರ್ವತದ ಬುಡದುದ್ದಕ್ಕೂ ಒಂದು ನದಿಯ ಹಾಗೆ ಹರಿಯುತ್ತಿತ್ತು. ಅತ್ತೆ ‘ಅಬ್ಬಬ್ಬಾ’ ಎನ್ನುತ್ತಿದ್ದರು, ಸುಮಿತ್ರಾ ನಿಟ್ಟುಸಿರಿಡುತ್ತಿದ್ದಳು. ಮತ್ತೊಬ್ಬನ ಕೀರ್ತಿಯನ್ನು ನೋಡಿ ಸಹಿಸುವುದು ಒಂದು ಕಷ್ಟ. ಅದನ್ನು ನಮ್ಮದೇ ಪಂಚೆಯ ಮೇಲೆ ನೋಡಿ ಸಹಿಸುವುದಕ್ಕೆ ಯೋಗಾಭ್ಯಾಸವೇ ಬೇಕು. ಒಮ್ಮೆ ತಡೆಯಲಾರದೆ ನಾನೂ ಕಾಲೇಜಿನ ದಿನಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುತ್ತಿದ್ದೆ ಎಂದು ಹೇಳಿದೆ. ‘ನಂದಿಯವರೆಗೆ ತಾನೆ?’ ಎಂದಳು ಸುಮಿತ್ರಾ, ‘ಅಲ್ಲಿಂದ ಬಸ್ಸು ಅಂತ ನೀವೇ ಹೇಳಿದ್ರಿ.’ ಹೆಂಡತಿಗೆ ಎಲ್ಲವನ್ನೂ ಹೇಳಬಾರದೆಂಬುದು ನನಗೆ ಆಮೇಲೆ ಹೊಳೆಯಿತು.

ಇದಿಷ್ಟನ್ನೂ ನಾನು ನುಂಗಿಕೊಂಡಿರುತ್ತಿದ್ದೆ. ನುಂಗಲಾಗದೆ ಹೋದದ್ದು ನನ್ನ ಮಗಳ ವಿಷಯ. ಅನಘಾಳಿಗೆ ಆಗ ಹತ್ತು ವರ್ಷ. ನಾವು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಉತ್ತರಿಸುವುದು ನಮ್ಮ ಮನೆಯ ಭಾಷಾನೀತಿ. ಐದು ವರ್ಷದವಳಿದ್ದಾಗ ಲೋಕದಲ್ಲಿ ಅವಳ ಅಪ್ಪನಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಈಗ ಪಂಚೆಯ ಮುಂದೆ ಮೊಣಕಾಲು ತಬ್ಬಿ ಕೂತು, ಪ್ರೊಜೆಕ್ಟರಿನ ಬೆಳಕಿನಲ್ಲಿ ಕಣ್ಣರಳಿಸಿ, ‘ಚಿಕ್ಕಪ್ಪ ಈಸ್ ಸೋ ಕೂಲ್!’ ಎನ್ನುತ್ತಿದ್ದಳು. ಹಿಮದಲ್ಲಿ ಮಲಗುವವನು ಕೂಲ್ ಆಗಿರದೆ ಬೆಚ್ಚಗಿರುತ್ತಾನೆಯೇ ಎಂದು ನಾನು ಶ್ಲೇಷೆ ಮಾಡಿದರೆ ಅದು ಅವಳಿಗೆ ತಟ್ಟುತ್ತಿರಲಿಲ್ಲ. ಮಕ್ಕಳು ಅಪ್ಪನನ್ನು ಎಂದಾದರೊಂದು ದಿನ ಮಾಮೂಲಿ ಮನುಷ್ಯನೆಂದು ಕಂಡುಹಿಡಿಯುತ್ತಾರೆ, ಅದು ನನಗೂ ಗೊತ್ತು. ಆದರೆ ಆ ದಿನ ಬರುವುದು ಷಡ್ಡಕನ ಮೂಲಕ ಎಂದು ಯಾರೂ ನನಗೆ ಮೊದಲೇ ತಿಳಿಸಿರಲಿಲ್ಲ.

ಸಂಸ್ಕೃತದಲ್ಲಿ ಈರ್ಷ್ಯೆ, ಅಸೂಯೆ, ಮಾತ್ಸರ್ಯ ಎಂದು ಎಷ್ಟೊಂದು ಗಂಭೀರವಾದ ಪದಗಳಿವೆ! ಅವುಗಳನ್ನು ಕೇಳಿದರೆ ಯಾರೋ ಚಕ್ರವರ್ತಿಗೆ ಬಂದ ಕಾಯಿಲೆಗಳ ಹಾಗೆ ತೋರುತ್ತವೆ. ನಮ್ಮ ಕನ್ನಡ ಮಾತ್ರ ನೇರವಾಗಿ ಹೊಟ್ಟೆಕಿಚ್ಚು ಎಂದು ಅದು ಹೊತ್ತುವ ಜಾಗವನ್ನೇ ತೋರಿಸಿಬಿಡುತ್ತದೆ. ಹೊಟ್ಟೆಯಲ್ಲಿ ಇಷ್ಟು ಕಿಚ್ಚಿಟ್ಟುಕೊಂಡವನು ಚಳಿಗೆ ಏಕೆ ಅಂಜಬೇಕು ಎಂದುಕೊಂಡು, ಡಿಸೆಂಬರಿನ ಕೊನೆಯ ವಾರ ನಾನೂ ಅವನ ಜೊತೆ ಒಂದು ಹಗಲಿನ ನಡಿಗೆಗೆ ಹೊರಟೆ. ಅನಘಾಳೂ ಬಂದಳು. ನಮ್ಮಿಬ್ಬರಿಗೂ ಬಾಡಿಗೆಯ ಹಿಮಪಾದುಕೆಗಳು, ಒಂದೊಂದೂ ಮೊರದಷ್ಟು ಅಗಲ. ಮಂಜು ಎಷ್ಟು ಹೇಳಿದರೂ ಕೇಳದೆ ನಾನು ಒಳಗೆ ಹತ್ತಿಯ ಬನಿಯನ್ನು, ಕೆಳಗೆ ಜೀನ್ಸು, ಮೇಲೆ ಊರಿನಿಂದ ತಂದ ಎರಡು ಸ್ವೆಟರು, ತಲೆಗೆ ಮಂಕಿ ಟೋಪಿ ಧರಿಸಿದ್ದೆ. ಹತ್ತಿ ಒಮ್ಮೆ ಬೆವರಿಗೆ ಒದ್ದೆಯಾದರೆ ಹಿಮದಲ್ಲಿ ಒಣಗುವುದೇ ಇಲ್ಲ, ಮೈಗೆ ತಣ್ಣೀರಿನ ಪಟ್ಟಿ ಸುತ್ತಿದ ಹಾಗೆ ಎಂಬ ಶಾಸ್ತ್ರ ನನಗೆ ಅರ್ಧ ಮೈಲಿಯಲ್ಲಿ ಅರಿವಾಯಿತು. ಬಲ ಪಾದುಕೆಯಿಂದ ಎಡ ಪಾದುಕೆಯನ್ನು ತುಳಿದು ನಾಲ್ಕು ಸಲ ಬಿದ್ದೆ. ಡಬ್ಬಿಯಲ್ಲಿದ್ದ ಪುಳಿಯೋಗರೆ ಕಲ್ಲಾಗಿತ್ತು. ಮಂಜು ಒಂದು ಮಾತೂ ಆಡದೆ ತನ್ನ ಒಣ ಅಂಗಿಯನ್ನು ನನಗೆ ತೊಡಿಸಿ, ಫ್ಲಾಸ್ಕಿನಿಂದ ಬಿಸಿ ಕಷಾಯ ಕುಡಿಸಿದ. ಅವನು ಒಂದು ಸಲವಾದರೂ ನಕ್ಕಿದ್ದರೆ ನಾನು ಅವನನ್ನು ಕ್ಷಮಿಸಿಬಿಡುತ್ತಿದ್ದೆ. ಹಿಂದಿರುಗುವಾಗ ಅನಘಾ ಅವನ ಕೈ ಹಿಡಿದು ಮುಂದೆ ನಡೆದಳು. ನಾನು ಅವನ ಅಂಗಿ ತೊಟ್ಟುಕೊಂಡು ಹಿಂದೆ ನಡೆದೆ.

ಆದ್ದರಿಂದ ಫೆಬ್ರವರಿಯ ಲಾಂಗ್ ವೀಕೆಂಡಿಗೆ ಮಂಜು ತಾಹೋ ಸರೋವರದ ಬಳಿ ಒಂದು ಮರದ ಮನೆಯನ್ನು ಬಾಡಿಗೆಗೆ ಹಿಡಿದು ಎಲ್ಲರನ್ನೂ ಕರೆದಾಗ ನಾನು ಬರುವುದಿಲ್ಲ ಎಂದೆ. ಆ ಮನೆಯಲ್ಲಿ ಅತ್ತೆ ಮತ್ತು ಶುಭಾ ಬೆಂಕಿಯ ಮುಂದೆ ಕೂತಿರುವುದು, ಅಲ್ಲಿಂದ ಒಂದು ಮೈಲಿ ಮೇಲೆ, ಬೆಟ್ಟದ ಮಗ್ಗುಲಲ್ಲಿ, ಶನಿವಾರ ರಾತ್ರಿ ಮಂಜು ಅನಘಾಳಿಗೆ ಹಿಮದಲ್ಲಿ ಡೇರೆ ಹಾಕಿ ಮಲಗುವುದನ್ನು ಕಲಿಸುವುದು, ಇದು ಏರ್ಪಾಡು. ಸುಮಿತ್ರಾಳಿಗೆ ಸ್ಯಾನ್ ಫ್ರಾನ್ಸಿಸ್ಕೋದ ಆಸ್ಪತ್ರೆಯ ಲ್ಯಾಬಿನಲ್ಲಿ ನಿಜವಾಗಿಯೂ ಡ್ಯೂಟಿಯಿತ್ತು. ನನಗೆ ಆಫೀಸಿನ ಸರ್ವರು ಕಂಪ್ಯೂಟರನ್ನು ಬದಲಿಸುವ ಕೆಲಸವಿದೆಯೆಂದು ನಾನು ಹೇಳಿದೆ. ಸರ್ವರು ಚೆನ್ನಾಗಿಯೇ ಇತ್ತು.

‘ಎಂತ ಭಾವ, ನೀವಿಲ್ಲದೆ ಎಂತ ಮಜಾ ಉಂಟು?’ ಎಂದ ಮಂಜು, ಮನಸ್ಸಿನಿಂದಲೇ. ಅನಘಾ ಮಾತ್ರ, ‘ಇಟ್ಸ್ ಓಕೇ, ಅಪ್ಪ ವಿಲ್ ಜಸ್ಟ್ ಫಾಲ್’ ಎಂದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ನನ್ನ ಮೇಲಿನ ಕಾಳಜಿಯೇ ಇತ್ತು. ಅದರಿಂದಲೇ ಹೆಚ್ಚು ನೋವಾಯಿತು.

ಭಾನುವಾರ ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ನಾನು ಗ್ರೋಸರಿ ಚೀಲಗಳೊಡನೆ ಮನೆಗೆ ಬಂದಾಗ ಆನ್ಸರಿಂಗ್ ಮೆಷೀನಿನ ಕೆಂಪು ದೀಪ ಮಿಣುಕುತ್ತಿತ್ತು. ಗುಂಡಿ ಒತ್ತಿದೆ. ಅತ್ತೆಯವರ ದನಿ. ಮೆಷೀನಿನೊಂದಿಗೆ ಮಾತಾಡುವುದು ಅವರಿಗೆ ಅದೇ ಮೊದಲು. ಅದರಲ್ಲಿ ನಾನು ಇಂಗ್ಲಿಷಿನಲ್ಲಿ ಮುದ್ರಿಸಿಟ್ಟಿದ್ದ ನಾಲ್ಕು ಮಾತುಗಳನ್ನು ಅವರು ನನ್ನ ಉತ್ತರವೆಂದೇ ತಿಳಿದಿದ್ದರು.

‘ಅಳಿಯಂದಿರೇ, ನೀವು ಇಂಗ್ಲಿಷಲ್ಲಿ ಏನೋ ಅಂದ್ರಿ, ನಂಗೆ ಗೊತ್ತಾಗ್ಲಿಲ್ಲ. ನಾನು ಅತ್ತೆ. ಇಲ್ಲಿ ಮಂಜು ಬಿದ್ದು ಭಾಳ ಫಜೀತಿ ಆಗಿದೆ. ಕಾಲಿಡೋ ಹಾಗೇ ಇಲ್ಲ. ಶುಭಂಗೆ ಕೈಕಾಲೇ ಆಡ್ತಿಲ್ಲ. ಮಗು ಇನ್ನೂ ಮೇಲೇ ಇದೆ. ನೀವು ಏನೂ ಗಾಬರಿ...’ ಅಷ್ಟಕ್ಕೆ ಮೆಷೀನು ಕೀಚಲು ಸದ್ದು ಮಾಡಿ ನಿಂತಿತು.

ಇನ್ನು ಹೇಳುವುದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ. ಆದರೂ ಇಷ್ಟು ದೂರ ಜೊತೆಗೆ ನಡೆದು ಬಂದ ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಮಂಜು ಬಿದ್ದು, ಎಂದು ಕೇಳಿದ ಕೂಡಲೇ ನನಗೆ ಆದದ್ದು ಸಂತೋಷ. ಸಣ್ಣ ಸಂತೋಷವಲ್ಲ. ಹೊಟ್ಟೆಯಲ್ಲಿ ಎರಡು ವರ್ಷದಿಂದ ಉರಿಯುತ್ತಿದ್ದುದರ ಮೇಲೆ ಯಾರೋ ಒಂದು ಕೊಡ ತಣ್ಣೀರು ಸುರಿದಂತಾಯಿತು. ನಾನು ಚೀಲಗಳನ್ನು ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತು, ಇನ್ನೊಮ್ಮೆ ಗುಂಡಿ ಒತ್ತಿ ಕೇಳಿದೆ. ಬಿದ್ದ! ನಾಲ್ಕು ಸಲ ಬಿದ್ದ ನಾನು ಎದ್ದು ನಡೆದಿದ್ದೆ. ಇವನೋ ಒಂದೇ ಸಲಕ್ಕೆ ಕಾಲೂರಲಾಗದಂತೆ ಬಿದ್ದಿದ್ದಾನೆ. ಮುಂದಿನ ಸ್ಲೈಡ್ ಪ್ರದರ್ಶನದಲ್ಲಿ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತ ಷಡ್ಡಕನನ್ನು ಕಲ್ಪಿಸಿಕೊಂಡೆ. ಅವನಿಗೆ ಹೇಳಬೇಕಾದ ಸಾಂತ್ವನದ ಮಾತುಗಳನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡೆ, ಬಹಳ ಉದಾರವಾದ ಮಾತುಗಳು. ನಾನೊಬ್ಬನೇ ಇದ್ದ ಆ ಕೋಣೆಯಲ್ಲಿ ನಾನು ನಗುತ್ತಿದ್ದೆ.

ಮೂರನೆಯ ಸಲ ಕೇಳಿದಾಗ ಮಾತ್ರ ಕೊನೆಯ ವಾಕ್ಯ ಕಿವಿಗೆ ಬಿತ್ತು. ಮಗು ಇನ್ನೂ ಮೇಲೇ ಇದೆ. ಯಾರ ಮಗು? ನನ್ನ ಮಗು. ಕಾಲು ಮುರಿದುಕೊಂಡವನ ಪಕ್ಕದಲ್ಲಿ, ಹಿಮದ ನಡುವೆ, ಒಂದು ಬಟ್ಟೆಯ ಡೇರೆಯೊಳಗೆ. ಅವಳನ್ನು ಕೆಳಗೆ ಕರೆತರಬಲ್ಲ ಮನುಷ್ಯ ಆ ಬೆಟ್ಟದ ಮೇಲೆ ಒಬ್ಬನೇ, ಮತ್ತು ಅವನ ಕಾಲು ಮುರಿದದ್ದಕ್ಕೆ ನಾನು ಎರಡು ಸಲ ಗುಂಡಿ ಒತ್ತಿ ಆನಂದಪಟ್ಟಿದ್ದೆ.

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆ ಬಾಡಿಗೆ ಮನೆಯ ನಂಬರಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮಂಜುವಿನ ಸೆಲ್ ಫೋನು ಬೆಟ್ಟದಲ್ಲಿ ಸತ್ತಂತೆಯೇ. ಲ್ಯಾಬಿಗೆ ಫೋನು ಮಾಡಿ ಸುಮಿತ್ರಾಳಿಗೆ ಹೇಳಿದೆ. ಅವಳು ‘ಮೊದ್ಲು ಹೊರಡಿ ನೀವು, ಯೋಚ್ನೆ ದಾರೀಲಿ ಮಾಡಿ’ ಎಂದಳು. ಹದಿಮೂರು ವರ್ಷದ ದಾಂಪತ್ಯದಲ್ಲಿ ಅವಳು ನನಗೆ ಕೊಟ್ಟ ಅತ್ಯುತ್ತಮ ಸಲಹೆ ಅದು. ಫಳಫಳಿಸುವ ಕಾರು ಹತ್ತಿ ಫ್ರೀವೇ ಹಿಡಿದೆ.

ಯೋಚನೆಯನ್ನು ದಾರಿಯಲ್ಲೇ ಮಾಡಿದೆ. ಎರಡು ಗಂಟೆ ಬಿಸಿಲಿನ ಬಯಲು, ಆಮೇಲೆ ಪೈನ್ ಮರಗಳು, ಆಮೇಲೆ ಮೊದಲನೆಯ ಹಿಮದ ತುಣುಕು. ಅನಘಾಳಿಗೆ ಚಳಿಯಲ್ಲಿ ಮೂಗಿನ ತುದಿ ಕೆಂಪಾಗುತ್ತದೆ. ಭಯವಾದಾಗ ಅವಳು ಅಳುವುದಿಲ್ಲ, ತಲೆಗೂದಲನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಾಳೆ. ಈಗ ಚೀಪುತ್ತಿರಬಹುದು. ನಾನು ದೇವರನ್ನು ಅಪರೂಪಕ್ಕೆ ಮಾತಾಡಿಸುವವನು; ಅಂದು ಮಾತಾಡಿಸಿದೆ. ಕೇಳಿಕೊಂಡದ್ದು ಏನೆಂದರೆ, ಮಂಜುವಿನ ಕಾಲು ನೆಟ್ಟಗಿರಲಿ ಎಂದು. ಬೆಳಗ್ಗೆ ಯಾವ ಕಾಲು ಮುರಿದದ್ದಕ್ಕೆ ನಕ್ಕಿದ್ದೆನೋ ಅದೇ ಕಾಲು ಸರಿಯಾಗಿರಲಿ, ಅವನು ಮೊದಲಿಗಿಂತ ಚೆನ್ನಾಗಿ ಜಾರಲಿ, ನೂರು ಸ್ಲೈಡು ತೋರಿಸಲಿ, ಇರುವ ಪಂಚೆಗಳನ್ನೆಲ್ಲ ಅವನಿಗೇ ಕೊಡುತ್ತೇನೆ ಎಂದೆ. ದೇವರಿಗೆ ನನ್ನ ಮೇಲೆ ಎಷ್ಟು ನಂಬಿಕೆ ಹುಟ್ಟಿತೋ ತಿಳಿಯದು.

ಘಾಟಿಯ ಬುಡದಲ್ಲಿ ಪೊಲೀಸರು ತಡೆದು, ಚಕ್ರಗಳಿಗೆ ಸರಪಳಿ ಕಟ್ಟದೆ ಮುಂದೆ ಹೋಗುವಂತಿಲ್ಲ ಎಂದರು. ಹಿಂದಿದ್ದ ಊರಿನಲ್ಲಿ ಸರಪಳಿ ಕೊಂಡು ತಂದು, ರಸ್ತೆಯ ಬದಿಯಲ್ಲಿ ಬಗ್ಗಿ, ಬೀಳುವ ಹಿಮದಲ್ಲಿ ಬೆರಳು ಸೆಟೆದುಹೋಗುವವರೆಗೆ ಒದ್ದಾಡಿ ಕಟ್ಟಿದೆ. ಒಂದನ್ನು ತಿರುಗುಮುರುಗು ಕಟ್ಟಿದ್ದೆನಂತೆ. ಹಿಂದಿನ ಕಾರಿನ ಮುದುಕಿಯೊಬ್ಬಳು ಇಳಿದು ಬಂದು ಅದನ್ನು ಬಿಚ್ಚಿ ಸರಿಪಡಿಸಿಕೊಟ್ಟಳು. ಅಲ್ಲಿಂದ ಮುಂದೆ, ಮುಂದಿನ ಲಾರಿಯ ಎರಡು ಕೆಂಪು ದೀಪಗಳನ್ನು ಬಿಟ್ಟು ಬೇರೇನೂ ಕಾಣದ ಆ ಬೆಳ್ಳನೆಯ ದಾರಿಯಲ್ಲಿ, ಮಳೆಗಾಲದಲ್ಲಿ ಬೆಂಗಳೂರಿಗೆ ಕಾರು ಓಡಿಸಲೂ ಹೆದರುವ ನಾನು ಹೇಗೆ ಹೋದೆನೋ ಈಗಲೂ ಗೊತ್ತಿಲ್ಲ. ಎತ್ತುಗಾಡಿಯ ವೇಗದಲ್ಲಿ ಹೋದೆ ಎಂಬುದಂತೂ ನಿಜ.

ಸಂಜೆ ಐದರ ಸುಮಾರಿಗೆ ಆ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಮಾಡಿನ ಮೇಲೊಬ್ಬ ಮನುಷ್ಯ ನಿಂತು ಸಲಿಕೆಯಿಂದ ಹಿಮವನ್ನು ಕೆಳಕ್ಕೆ ತಳ್ಳುತ್ತಿದ್ದ. ಕೆಂಪು ಕೋಟು. ಎರಡು ಕಾಲು. ಎರಡರ ಮೇಲೂ ಭದ್ರವಾಗಿ ನಿಂತಿದ್ದ. ಕೆಳಗೆ ಅನಘಾ ಒಂದು ಪುಟ್ಟ ಸಲಿಕೆ ಹಿಡಿದು, ಕೆಂಪು ಮೂಗಿನೊಡನೆ ಆ ಹಿಮವನ್ನು ಗುಡ್ಡೆ ಹಾಕುತ್ತಿದ್ದಳು. ನನಗೆ ಮೊದಲು ಬಂದದ್ದು ಸಮಾಧಾನ. ಬಾಗಿಲನ್ನೂ ಮುಚ್ಚದೆ ಕಾರಿನಿಂದ ಇಳಿದೆ. ಎರಡನೆಯದಾಗಿ ಬಂದದ್ದು, ಅದನ್ನೂ ಹೇಳಿಬಿಡುತ್ತೇನೆ, ಇವನು ಬೀಳಲೂ ಇಲ್ಲವಲ್ಲ ಎಂಬ ಸಿಟ್ಟು.

‘ಅಪ್ಪ? ಯು ಡ್ರೋವ್ ಇನ್ ದಿಸ್?’ ಎಂದು ಕೂಗುತ್ತ ಅನಘಾ ಕಣ್ಣರಳಿಸಿಕೊಂಡು ಓಡಿಬಂದು ಅಪ್ಪಿಕೊಂಡಳು. ಅವಳು ನನ್ನನ್ನು ಹಾಗೆ ನೋಡಿ ಐದು ವರ್ಷವಾಗಿತ್ತು.

ಅತ್ತೆಯವರು ಬಾಗಿಲಿಗೆ ಬಂದು ನನ್ನ ಕಥೆ ಕೇಳಿ ಹಣೆ ಚಚ್ಚಿಕೊಂಡರು. ‘ಅಯ್ಯೋ, ನಾನು ಹೇಳಿದ್ದು ಬೀಳೋ ಮಂಜು, ಅಳಿಯಂದಿರೇ! ನಮ್ಮ ಮಂಜು ಯಾಕೆ ಬೀಳ್ತಾರೆ?’ ರಾತ್ರಿಯಿಡೀ ಹಿಮ ಸುರಿದು ಅಂಗಳದಲ್ಲಿ ಕಾಲಿಡುವ ಹಾಗಿರಲಿಲ್ಲ. ಮೇಲಿದ್ದವರು ಒಂಬತ್ತಾದರೂ ಇಳಿದಿರಲಿಲ್ಲ. ಅದನ್ನು ತಿಳಿಸಿ, ಗಾಬರಿಯಾಗಬೇಡಿ, ಒಂದು ದಿನ ತಡವಾಗಿ ಬರುತ್ತೇವೆ ಎನ್ನುವಷ್ಟರಲ್ಲಿ ಮೆಷೀನು ಅವರ ಬಾಯಿ ಮುಚ್ಚಿಸಿತ್ತು. ಇವರಿಬ್ಬರೂ ಹನ್ನೊಂದಕ್ಕೆಲ್ಲ ಹಾಡು ಹೇಳಿಕೊಂಡು ಇಳಿದುಬಂದಿದ್ದರು. ಶುಭಾ ಬಾಗಿಲ ಹೊರಗೆ ನಿಂತು ದಾರಿ ನೋಡುತ್ತಿದ್ದಾಗ ಫೋನು ರಿಂಗಾದದ್ದು ಅತ್ತೆಗೆ ಕೇಳಿಸಿತ್ತಂತೆ. ಯಾರೋ ಇಂಗ್ಲಿಷಿನವರಿರಬೇಕೆಂದು ಎತ್ತಲಿಲ್ಲವಂತೆ. ತಪ್ಪು ಅವರದಲ್ಲ, ನಮ್ಮ ಭಾಷೆಯದು. ಬಿದ್ದ ಎಂದರೆ ಗಂಡಸು, ಬಿದ್ದಳು ಎಂದರೆ ಹೆಂಗಸು, ಬಿತ್ತು ಎಂದರೆ ಹಿಮ, ಬಿದ್ದರು ಎಂದರೆ ಗೌರವಸ್ಥರು ಎಂದು ಎಲ್ಲವನ್ನೂ ವಿಂಗಡಿಸಿ ಹೇಳುವ ಕನ್ನಡ, ಬಿದ್ದು ಎಂಬಲ್ಲಿಗೆ ಬಂದಾಗ ಮಾತ್ರ ಯಾರು ಎಂದು ಹೇಳದೆ ಸುಮ್ಮನಾಗುತ್ತದೆ. ಇಲ್ಲಿಯ ನಮ್ಮವರೆಲ್ಲ ಸ್ನೋ ಎಂದುಕೊಂಡು ಇದ್ದುಬಿಟ್ಟಿದ್ದರಿಂದ ಮಂಜು ಎಂದರೆ ಹಿಮವೂ ಆಗಬಹುದೆಂಬುದೇ ನನಗೆ ಆ ಬೆಳಗ್ಗೆ ಮರೆತುಹೋಗಿತ್ತು. ಆದರೆ ಭಾಷೆ ಕೊಟ್ಟ ಎರಡು ಅರ್ಥಗಳಲ್ಲಿ ಒಂದನ್ನು ಅಷ್ಟು ಆತುರದಿಂದ ಆರಿಸಿಕೊಂಡದ್ದು ನಾನೇ.

ಮಂಜು ಏಣಿಯಿಂದ ಇಳಿದು ಬಂದು, ಕೈಗವಸು ಕಳಚಿ, ನನ್ನ ಎರಡೂ ಕೈಗಳನ್ನು ಹಿಡಿದುಕೊಂಡ. ‘ಭಾವ, ನಾನು ಬಿದ್ದೆ ಅಂತ ಕೇಳಿ ಇಷ್ಟು ದೂರ ಬಂದ್ರಾ? ಈ ಸ್ನೋದಲ್ಲಿ? ನನ್ನ ಸ್ವಂತ ಅಣ್ಣನೂ ಬರ್ತಿರ್ಲಿಲ್ಲ ಮಾರಾಯ್ರೆ.’ ಅವನ ಕಣ್ಣು ಒದ್ದೆಯಾಗಿತ್ತು. ಮಗಳಿಗಾಗಿ ಬಂದೆ ಎನ್ನಬೇಕಾಗಿತ್ತು. ಬಾಯಿ ತೆರೆದೆ, ಪಕ್ಕದಲ್ಲಿ ಅನಘಾ ನನ್ನ ಮುಖವನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿದೆ.

ಅಂದಿನಿಂದ ನಾನು ಪುರಾಣಪುರುಷನಾದೆ. ಮಂಜು ಈ ಕಥೆಯನ್ನು ಆಫೀಸಿನಲ್ಲಿ ಹೇಳಿದ, ಕನ್ನಡ ಬಳಗದ ಯುಗಾದಿ ಊಟದಲ್ಲಿ ಹೇಳಿದ. ಹೇಳಿದಷ್ಟು ಸಲವೂ ಹಿಮ ಒಂದೊಂದು ಅಡಿ ಹೆಚ್ಚಾಗುತ್ತಿತ್ತು, ನನ್ನ ಕುಂದುಕೊರತೆಗಳೆಲ್ಲ ಕಳಚಿ ಬೀಳುತ್ತಿದ್ದವು. ಅತ್ತೆಯವರು ಒಂದು ದಿನ ಹೆಸರು ಹಿಡಿದು ಕರೆದು ಇನ್ನೊಂದು ದೋಸೆ ಹಾಕಿದರು. ಅನಘಾ ಶಾಲೆಯ ಗೆಳತಿಯರಿಗೆ ಫೋನಿನಲ್ಲಿ, ‘ಮೈ ಡ್ಯಾಡ್ ಜಸ್ಟ್ ಡ್ರೋವ್ ಅಂಡ್ ಡ್ರೋವ್’ ಎನ್ನುವುದನ್ನು ನಾನು ಅಡುಗೆಮನೆಯಿಂದ ಕದ್ದು ಕೇಳಿದೆ. ಬೇಕಾದದ್ದೆಲ್ಲ ಸಿಕ್ಕಿತ್ತು. ಹಾಗಿದ್ದೂ ಆ ಎರಡು ತಿಂಗಳು ನಾನು ಯಾರ ಮೇಲೆ ಹೊಟ್ಟೆಕಿಚ್ಚು ಪಟ್ಟೆನೆಂದರೆ, ಮಂಜುವಿನ ಕಥೆಯಲ್ಲಿ ಬರುವ ಆ ಭಾವನ ಮೇಲೆ. ಸುದ್ದಿ ಕೇಳಿದೊಡನೆ ಚೀಲವನ್ನೂ ಕೆಳಗಿಡದೆ ಓಡಿದ ಆ ನಿಷ್ಕಲ್ಮಷ ಮನುಷ್ಯನ ಮೇಲೆ. ನನ್ನ ಮಗಳು ಮೆಚ್ಚಿಕೊಂಡದ್ದು ಅವನನ್ನು. ನಾನು ಕುರ್ಚಿ ಎಳೆದುಕೊಂಡು ಕೂತವನು. ಷಡ್ಡಕನ ಮೇಲಿನ ಮತ್ಸರವನ್ನಾದರೂ ಅವನು ಊರಿಗೆ ಹೋದಾಗ ಸ್ವಲ್ಪ ಮರೆಯಬಹುದು. ಈ ಮನುಷ್ಯ ಕನ್ನಡಿಯೊಳಗೂ ಎದುರಾಗುತ್ತಿದ್ದ.

ಏಪ್ರಿಲಿನಲ್ಲಿ ಅತ್ತೆಯವರು ಊರಿಗೆ ಹೊರಡುವ ಮುಂಚೆ ಮಂಜುವಿನ ಮನೆಯಲ್ಲಿ ಊಟ. ಎಲೆಯ ಮುಂದೆ ಕೂತು ಅವನು ಮತ್ತೆ ಕಥೆ ತೆಗೆದ. ಮಧ್ಯದಲ್ಲಿ ಏನು ತೋಚಿತೋ, ನನ್ನ ಕಡೆ ತಿರುಗಿ, ‘ಅಲ್ಲ ಭಾವ, ಒಂದು ಕೇಳ್ಬೇಕು ಅಂತ ಇದ್ದೆ. ನಾನು ಬಿದ್ದೆ ಅಂತ ಕೇಳಿದಾಗ ಫಸ್ಟ್ ನಿಮಗೆ ಎಂತ ಅನ್ನಿಸ್ತು?’ ಎಂದ.

ಎಲ್ಲರೂ ನನ್ನನ್ನು ನೋಡಿದರು. ಅನಘಾಳೂ ನೋಡಿದಳು. ಗಾಬರಿ ಎಂದರೆ ಸಾಕಿತ್ತು, ಮೂರೇ ಅಕ್ಷರ. ‘ಸಂತೋಷ ಆಯ್ತು’ ಎಂದೆ. ‘ತುಂಬಾ ಸಂತೋಷ ಆಯ್ತು, ಮಂಜು. ಎರಡು ಸಲ ಹಾಕಿ ಕೇಳಿದೆ.’

ಮಂಜು ತಲೆ ಹಿಂದಕ್ಕೆಸೆದು ನಗತೊಡಗಿದ. ಶುಭಾ ನಕ್ಕಳು, ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಸುಮಿತ್ರಾ ‘ಇವರ ತಮಾಷೆಯೇ ಹೀಗೆ’ ಎಂದು ಹೇಳಿ ನಕ್ಕಳು. ಮಂಜುವಿಗೆ ನೆತ್ತಿಗೆ ಹತ್ತಿ ನೀರು ಕುಡಿಸಬೇಕಾಯಿತು. ಜೀವಮಾನದಲ್ಲಿ ನಾನು ಹೇಳಿದ ಅತ್ಯಂತ ಕಠಿಣವಾದ ಸತ್ಯ ಅತ್ಯುತ್ತಮ ಹಾಸ್ಯವಾಗಿ ಪರಿಣಮಿಸಿತು. ಅನಘಾ ಒಬ್ಬಳು ನಗಲಿಲ್ಲ.

ಕೈ ತೊಳೆದು ನಾನು ಹಿಂಬದಿಯ ಜಗಲಿಗೆ ಹೋಗಿ ನೀರನ್ನು ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಬಂದು ಪಕ್ಕದಲ್ಲಿ ಕೂತಳು. ಬಾಯಲ್ಲಿ ಕೂದಲಿತ್ತು.

‘ಅಪ್ಪ, ಯು ವರ್ ನಾಟ್ ಜೋಕಿಂಗ್.’

‘ಇಲ್ಲ ಕಣಮ್ಮ.’

ಅವಳು ನೀರಿನ ಕಡೆಗೆ ತಿರುಗಿದಳು. ನನ್ನ ಕಥೆ ಮುಗಿಯಿತೆಂದು ನಾನು ಎಣಿಸಿದೆ. ಆಮೇಲೆ, ಯಾರೂ ಕೇಳದಿದ್ದರೂ, ಅವಳು ಕನ್ನಡದಲ್ಲಿ ಮಾತಾಡಿದಳು.

‘ನಂಗೂ ಹಂಗೇ ಆಗತ್ತೆ. ಮೇಗನ್ ಬಿದ್ರೆ.’

‘ಏನಾಗತ್ತೆ?’

‘ಖುಷಿ ಆಗತ್ತೆ. ಫಸ್ಟ್ ಖುಷಿ ಆಗತ್ತೆ.’ ಕೂದಲನ್ನು ಬಾಯಿಂದ ತೆಗೆದು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು. ‘ಆಮೇಲೆ ನಾನು ಹೋಗಿ ಎಬ್ಬಿಸ್ತೀನಿ.’

ಮೇಗನ್ ಯಾರೆಂದು ನಾನು ಕೇಳಲಿಲ್ಲ. ಒಳಗಿನಿಂದ ಮಂಜು, ಪಾಯಸ ತಣಿಯುತ್ತಾ ಉಂಟು, ಬೇಗ ಬನ್ನಿ ಎಂದು ಕೂಗಿದ. ಇಬ್ಬರೂ ಎದ್ದು ಒಳಗೆ ಹೋದೆವು.